ನೋವು ನಿಂತ ಹಲ್ಲು



ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ನೀವೆಲ್ಲರೂ ಬಲ್ಲಿರಿ. ಕಡಲೆಯನ್ನು ಒದಗಿಸಿಕೊಡುವುದು ನನ್ನ ಕೈಲಾಗುವ ಕೆಲಸವಲ್ಲ. ಹಲ್ಲನ್ನು ಉಳಿಸಿಕೊಡುವುದು ಮಾತ್ರ ನನ್ನ ವೃತ್ತಿ. ಆದುದರಿಂದ ಗಾದೆಯ ಅರ್ಧವನ್ನು ನಿಮಗೇ ಬಿಟ್ಟು, ಉಳಿದರ್ಧವನ್ನು ಕುರಿತು ಈ ದಿನ ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ. ಜನರು ಸಾಮಾನ್ಯವಾಗಿ ರೂಟ್ ಕೆನಾಲ್ ಎಂದು ಕರೆಯುವ ಚಿಕಿತ್ಸೆಯೊಂದುಂಟು. ಕನ್ನಡದಲ್ಲಿ ಅದನ್ನು ಬೇರುನಾಳದ ಚಿಕಿತ್ಸೆ ಎನ್ನಬಹುದು. ಅದು ಯಾವ ಹಲ್ಲಿಗೆ ಬೇಕು, ಯಾವ ಹಲ್ಲಿಗೆ ಬೇಡ, ಅದನ್ನು ತಿಳಿಯುವ ಬಗೆ ಯಾವುದು ಎಂಬುದೇ ನನ್ನ ವಿಷಯ.

ವಿಷಯಕ್ಕೆ ಬರುವ ಮುನ್ನ ಒಂದು ಸಣ್ಣ ಸಂಗತಿಯನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯಲ್ಲಿ ಒಬ್ಬ ನಿವೃತ್ತ ಉಪಾಧ್ಯಾಯರು ವಾಸವಾಗಿದ್ದರು. ಒಂದು ಬೆಳಗ್ಗೆ ವಾಯುವಿಹಾರದ ಸಮಯದಲ್ಲಿ ನನಗೆ ಎದುರಾಗಿ, "ಡಾಕ್ಟರೆ, ನಾಲ್ಕು ರಾತ್ರಿ ಕಣ್ಣು ಮುಚ್ಚಲಿಲ್ಲ. ಕೆಳಗಿನ ದವಡೆ ಹಲ್ಲು ಪ್ರಾಣ ತಿಂದುಬಿಟ್ಟಿತು. ಲವಂಗದೆಣ್ಣೆ ಇಟ್ಟೆ, ಉಪ್ಪುನೀರು ಮುಕ್ಕಳಿಸಿದೆ, ಕೊನೆಗೆ ನಿಮ್ಮಲ್ಲಿಗೆ ಬರಬೇಕೆಂದು ಹೊರಟೇ ಇದ್ದೆ. ನಿನ್ನೆ ಬೆಳಗ್ಗೆ ಎದ್ದು ನೋಡಿದರೆ ನೋವೇ ಇಲ್ಲ! ಬಿಸಿ ಕಾಫಿ ಕುಡಿದೆ, ಏನೂ ಇಲ್ಲ. ನಿಮ್ಮ ಫೀಜು ಉಳಿಯಿತು" ಎಂದು ನಕ್ಕರು. ನಾನೂ ನಕ್ಕೆ. "ಆದರೂ ಒಂದು ಸಲ ಬನ್ನಿ ಮೇಷ್ಟ್ರೆ, ನೋಡೋಣ" ಎಂದೆ. "ಆಗಲಿ, ಆಗಲಿ" ಎಂದು ಅವರು ಮುಂದೆ ಹೋದರು. ನಾನೂ ನನ್ನ ದಾರಿ ಹಿಡಿದೆ. ಅವರು ಬರಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಎಂಟು ತಿಂಗಳ ಮೇಲೆ ಅವರ ಮಗ ಅವರನ್ನು ನನ್ನಲ್ಲಿಗೆ ಕರೆತಂದಾಗ ಕೆನ್ನೆ ಊದಿ, ಬಾಯಿ ಎರಡು ಬೆರಳಿನಷ್ಟೂ ತೆರೆಯದಂತಾಗಿತ್ತು. ಮುಂದೆ ಏನಾಯಿತೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಆ ಉಪಾಧ್ಯಾಯರು ತಿಳಿಗೇಡಿಗಳಲ್ಲ. ನೂರಾರು ಮಕ್ಕಳಿಗೆ ಗಣಿತ ಕಲಿಸಿದವರು. ನೋವಿದ್ದರೆ ರೋಗ, ನೋವಿಲ್ಲದಿದ್ದರೆ ಆರೋಗ್ಯ ಎಂದು ಲೆಕ್ಕ ಹಾಕಿದರು. ದೇಹದ ಅನೇಕ ಭಾಗಗಳಲ್ಲಿ ಈ ಲೆಕ್ಕ ಸರಿಯಾಗುವುದು. ಹಲ್ಲಿನಲ್ಲಿ ಮಾತ್ರ ತಪ್ಪಾಗುವುದು. ಏಕೆ ತಪ್ಪಾಗುವುದೆಂಬುದನ್ನು ತಿಳಿಯಬೇಕಾದರೆ ಹಲ್ಲಿನ ಒಳಗನ್ನು ಸ್ವಲ್ಪ ನೋಡಬೇಕು.

ಹಲ್ಲು ಒಂದು ಬರಿಯ ಎಲುಬಿನ ತುಂಡೆಂದು ಅನೇಕರು ಭಾವಿಸಿರುವರು. ಹಾಗಲ್ಲ. ಬಾಯೊಳಗೆ ನಮಗೆ ಕಾಣುವ ಭಾಗದ ಮೇಲ್ಪದರಕ್ಕೆ ಎನಾಮಲ್ ಎಂದು ಹೆಸರು. ನಮ್ಮ ಶರೀರದಲ್ಲಿ ಅದಕ್ಕಿಂತ ಗಟ್ಟಿಯಾದ ಪದಾರ್ಥ ಬೇರೊಂದಿಲ್ಲ. ಅದರಲ್ಲಿ ನರವಿಲ್ಲ, ರಕ್ತವಿಲ್ಲ. ಆದುದರಿಂದ ಅದು ಹುಳುಕಾದರೂ ನಮಗೆ ತಿಳಿಯುವುದಿಲ್ಲ. ಅದರ ಕೆಳಗೆ ಡೆಂಟಿನ್ ಎಂಬ ಹಳದಿ ಬಣ್ಣದ ಪದರವುಂಟು. ಇದರ ತುಂಬ ಸೂಕ್ಷ್ಮವಾದ ಕೊಳವೆಗಳು ಸಹಸ್ರಾರು ಇರುವುವು. ಇದಕ್ಕೂ ಒಳಗೆ, ಹಲ್ಲಿನ ನಟ್ಟನಡುವೆ, ಒಂದು ಪುಟ್ಟ ಕೋಣೆಯಿರುವುದು. ಆ ಕೋಣೆಯಿಂದ ಪ್ರತಿಯೊಂದು ಬೇರಿನ ತುದಿಯವರೆಗೂ ಕೂದಲಿನಂತಹ ನಾಳಗಳು ಇಳಿದುಹೋಗುವುವು. ಈ ಕೋಣೆಯನ್ನೂ ನಾಳಗಳನ್ನೂ ತುಂಬಿಕೊಂಡಿರುವ ಮೃದುವಾದ ವಸ್ತುವೇ ಹಲ್ಲಿನ ತಿರುಳು. ಅದರಲ್ಲಿ ನರವುಂಟು, ರಕ್ತನಾಳಗಳುಂಟು. ಅದು ಜೀವಂತವಾದ ಅಂಗ. ಮುಂದಿನ ಹಲ್ಲಿಗೆ ಸಾಮಾನ್ಯವಾಗಿ ಒಂದು ಬೇರು, ಒಂದು ನಾಳ. ಕೆಳಗಿನ ದವಡೆ ಹಲ್ಲಿಗೆ ಎರಡು ಬೇರುಗಳಿದ್ದು ನಾಳಗಳು ಬಹುಮಟ್ಟಿಗೆ ಮೂರು. ಮೇಲಿನ ದವಡೆ ಹಲ್ಲಿಗೆ ಮೂರು ಬೇರುಗಳು. ನಾಳಗಳು ಅನೇಕ ವೇಳೆ ನಾಲ್ಕು.

ಈಗ ಒಂದು ಮುಖ್ಯವಾದ ಸಂಗತಿಯನ್ನು ಗಮನಿಸಬೇಕು. ಕೈಗೆ ಪೆಟ್ಟಾದರೆ ಕೈ ಊದುವುದು. ಊದುವುದಕ್ಕೆ ಅಲ್ಲಿ ಎಡೆಯುಂಟು. ಹಲ್ಲಿನ ತಿರುಳಾದರೋ ಗಟ್ಟಿ ಗೋಡೆಗಳ ನಡುವೆ ಸೆರೆಯಾಗಿರುವುದು. ಅದಕ್ಕೆ ಉರಿಯೂತ ಬಂದರೆ ಊದಲು ಎಡೆಯಿಲ್ಲ. ಒತ್ತಡ ಮಾತ್ರ ಏರುವುದು. ರಕ್ತ ಬಂದುಹೋಗುವ ಬಾಗಿಲು ಬೇರಿನ ತುದಿಯಲ್ಲಿರುವ ಸೂಜಿಮೊನೆಯಂತಹ ರಂಧ್ರ. ಒತ್ತಡ ಮಿತಿಮೀರಿದರೆ ರಕ್ತಸಂಚಾರ ಕುಗ್ಗಿ ತಿರುಳು ಸ್ವಲ್ಪಸ್ವಲ್ಪವಾಗಿ ಸಾಯುವುದು. ನರ ಸತ್ತ ಮೇಲೆ ನೋವನ್ನು ಹೇಳುವವರು ಯಾರು? ನಮ್ಮ ಉಪಾಧ್ಯಾಯರ ಹಲ್ಲು ಐದನೆಯ ದಿನ ಸುಮ್ಮನಾದುದು ವಾಸಿಯಾದುದರಿಂದಲ್ಲ, ಒಳಗೆ ಸತ್ತುದರಿಂದ.

ತಿರುಳಿಗೆ ಈ ಗತಿ ಬರುವುದು ಬಹುಮಟ್ಟಿಗೆ ಹುಳುಕಿನಿಂದ. ಹುಳುಕು ಎಂದರೆ ಹುಳುವಲ್ಲ. ಬ್ಯಾಕ್ಟೀರಿಯಗಳೆಂಬ ಸೂಕ್ಷ್ಮಜೀವಿಗಳು ನಾವು ತಿಂದ ಸಿಹಿಯನ್ನು ಆಮ್ಲವಾಗಿ ಮಾರ್ಪಡಿಸಿ ಹಲ್ಲನ್ನು ಕರಗಿಸುವುವು. ಬಿದ್ದು ಪೆಟ್ಟಾಗುವುದು, ಹಲ್ಲು ಬಿರುಕು ಬಿಡುವುದು, ಹಳೆಯ ತುಂಬುವಿಕೆಯ ಅಂಚಿನಲ್ಲಿ ಸಂದು ಬೀಳುವುದು ಇವೂ ಕಾರಣಗಳಾಗಬಹುದು. ಆದರೆ ಕೊನೆಯಲ್ಲಿ ತಿರುಳನ್ನು ಕೊಲ್ಲುವ ಮುಖ್ಯ ಶತ್ರು ಬ್ಯಾಕ್ಟೀರಿಯವೇ ಎಂಬುದನ್ನು 1965ರಲ್ಲಿ ಕಾಕೆಹಾಶಿ, ಸ್ಟಾನ್ಲಿ, ಫಿಟ್ಸ್‌ಜೆರಾಲ್ಡ್ ಎಂಬ ಮೂವರು ಅಮೆರಿಕದಲ್ಲಿ ಒಂದು ಸೊಗಸಾದ ಪ್ರಯೋಗದಿಂದ ತೋರಿಸಿದರು. ಸೂಕ್ಷ್ಮಜೀವಿಗಳೇ ಇಲ್ಲದ ವಾತಾವರಣದಲ್ಲಿ ಬೆಳೆಸಿದ ಇಲಿಗಳು ಒಂದು ಗುಂಪು. ಸಾಮಾನ್ಯವಾದ ಇಲಿಗಳು ಇನ್ನೊಂದು ಗುಂಪು. ಎರಡು ಗುಂಪಿನವುಗಳ ಹಲ್ಲನ್ನೂ ಕೊರೆದು ತಿರುಳನ್ನು ಬಾಯಿಗೆ ತೆರೆದುಬಿಟ್ಟರು. ಸಾಮಾನ್ಯ ಇಲಿಗಳಲ್ಲಿ ತಿರುಳು ಸತ್ತು ಬೇರಿನ ಬುಡದಲ್ಲಿ ಕೀವಾಯಿತು. ಸೂಕ್ಷ್ಮಜೀವಿಗಳಿಲ್ಲದ ಇಲಿಗಳಲ್ಲಿ ತಿರುಳು ತನ್ನ ಗಾಯದ ಮೇಲೆ ತಾನೇ ಗಟ್ಟಿಯಾದ ಸೇತುವೆಯನ್ನು ಕಟ್ಟಿಕೊಂಡು ಬದುಕಿತು. ಬೇರುನಾಳದ ಚಿಕಿತ್ಸೆಯ ತತ್ತ್ವವೆಲ್ಲ ಇದರಲ್ಲಿ ಅಡಗಿದೆ. ಸೂಕ್ಷ್ಮಜೀವಿಗಳನ್ನು ಹೊರಗಟ್ಟಿ ಅವು ಮತ್ತೆ ಬಾರದಂತೆ ಬಾಗಿಲು ಮುಚ್ಚಿದರೆ ಉಳಿದುದನ್ನು ದೇಹವೇ ಸರಿಪಡಿಸಿಕೊಳ್ಳುವುದು.

ಹಾಗಾದರೆ ತಿರುಳು ಯಾವ ಸ್ಥಿತಿಯಲ್ಲಿದೆ ಎಂದು ಮನೆಯಲ್ಲಿ ಕುಳಿತವರಿಗೆ ಸೂಚನೆ ಸಿಕ್ಕುವುದು ಹೇಗೆ? ಇದಕ್ಕೆ ಒಂದು ಲೋಟ ತಣ್ಣೀರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಮೊದಲನೆಯ ಸ್ಥಿತಿ. ತಣ್ಣೀರು ಕುಡಿದೊಡನೆ, ಅಥವಾ ಸಿಹಿ ತಿಂದೊಡನೆ, ಹಲ್ಲು ಜುಮ್ಮೆನ್ನುವುದು. ನೀರನ್ನು ನುಂಗಿದ ಕೆಲವೇ ಕ್ಷಣಗಳಲ್ಲಿ ಆ ಜುಮ್ಮು ಮಾಯವಾಗುವುದು. ತಾನಾಗಿಯೇ ಎಂದೂ ನೋಯುವುದಿಲ್ಲ. ರಾತ್ರಿ ನಿದ್ದೆಗೆ ಭಂಗವಿಲ್ಲ. ಇಲ್ಲಿ ತಿರುಳು ಕೆರಳಿದೆ, ಆದರೆ ಕೆಟ್ಟಿಲ್ಲ. ಹುಳುಕನ್ನು ತೆಗೆದು ಕುಳಿಯನ್ನು ತುಂಬಿದರೆ ಅದು ಚೇತರಿಸಿಕೊಳ್ಳುವುದು. ಒರಟಾಗಿ ಹಲ್ಲುಜ್ಜಿ ಒಸಡಿನ ಅಂಚಿನಲ್ಲಿ ಡೆಂಟಿನ್ ತೆರೆದುಕೊಂಡವರಿಗೂ ಹೀಗೆಯೇ ಆಗುವುದು. ಇಂತಹ ಹಲ್ಲಿಗೆ ಬೇರುನಾಳದ ಚಿಕಿತ್ಸೆ ಬೇಕಿಲ್ಲ. ಮಾಡಿದರೆ, ಜೀವವಿದ್ದ ಅಂಗವನ್ನು ಕಾರಣವಿಲ್ಲದೆ ತೆಗೆದಂತಾಗುವುದು.

ಎರಡನೆಯ ಸ್ಥಿತಿ. ತಣ್ಣೀರನ್ನೋ ಬಿಸಿ ಕಾಫಿಯನ್ನೋ ಕುಡಿದಾದ ಮೇಲೂ ನೋವು ನಿಲ್ಲದೆ, ಅರ್ಧ ನಿಮಿಷ, ಕೆಲವು ನಿಮಿಷ, ಒಮ್ಮೊಮ್ಮೆ ಇನ್ನೂ ಹೆಚ್ಚು ಹೊತ್ತು ಎಳೆಯುತ್ತಿರುವುದು. ಕಾರಣವೇ ಇಲ್ಲದೆ ತಾನಾಗಿ ಸಿಡಿಯತೊಡಗುವುದು. ಮಲಗಿದರೆ ತಲೆಯ ಕಡೆಗೆ ರಕ್ತದ ಒತ್ತಡ ಹೆಚ್ಚುವುದರಿಂದ ನೋವೂ ಹೆಚ್ಚಿ, ರೋಗಿಯು ಎದ್ದು ಕುಳಿತು ಬೆಳಗು ಮಾಡುವನು. ಕೆಲವರು ಬಿಸಿಯನ್ನು ತಾಳಲಾರದೆ ತಣ್ಣೀರನ್ನು ಬಾಯಲ್ಲಿ ತುಂಬಿಕೊಂಡೇ ಇರುವರು; ಸೀಸೆಯಲ್ಲಿ ಐಸುನೀರನ್ನು ಹಿಡಿದುಕೊಂಡು ನಮ್ಮಲ್ಲಿಗೆ ಬಂದವರೂ ಉಂಟು. ಈ ಸ್ಥಿತಿಯಲ್ಲಿ ಇನ್ನೊಂದು ವಿಚಿತ್ರವಿದೆ. ಯಾವ ಹಲ್ಲು ನೋಯುತ್ತಿದೆ ಎಂದು ಹೇಳಲು ಅನೇಕರಿಗೆ ಸಾಧ್ಯವಾಗುವುದಿಲ್ಲ. ತಿರುಳಿನ ನರಕ್ಕೆ ನೋವನ್ನು ಸಾರಲು ಬರುವುದೇ ಹೊರತು ತನ್ನ ವಿಳಾಸವನ್ನು ಸರಿಯಾಗಿ ಹೇಳಲು ಬಾರದು. ಕೆಳಗಿನ ಹಲ್ಲಿನ ನೋವು ಮೇಲಿನ ಹಲ್ಲಿನದೆಂದು, ಕಿವಿಯದೆಂದು ತೋರಬಹುದು. ಆದುದರಿಂದ "ಈ ಹಲ್ಲೇ, ಇದನ್ನೇ ಕಿತ್ತುಬಿಡಿ" ಎಂದು ರೋಗಿ ಬೆರಳಿಟ್ಟು ತೋರಿಸಿದರೂ ವೈದ್ಯನು ಪರೀಕ್ಷಿಸದೆ ನಂಬಬಾರದು. ಇಲ್ಲಿ ತಿರುಳು ಚೇತರಿಸಿಕೊಳ್ಳುವ ಹಂತವನ್ನು ಸಾಮಾನ್ಯವಾಗಿ ದಾಟಿರುವುದು. ಬೇರುನಾಳದ ಚಿಕಿತ್ಸೆಗೆ ಇದು ತಕ್ಕ ಕಾಲ.

ಮೂರನೆಯ ಸ್ಥಿತಿ ಮೌನ. ತಣ್ಣೀರು ಕುಡಿದರೂ ಏನಿಲ್ಲ, ಬಿಸಿ ಕುಡಿದರೂ ಏನಿಲ್ಲ. ತಿರುಳು ಸತ್ತಿದೆ. ಸತ್ತ ತಿರುಳಿನಲ್ಲಿ ಸೂಕ್ಷ್ಮಜೀವಿಗಳು ಯಾವ ಅಡ್ಡಿಯೂ ಇಲ್ಲದೆ ಬೆಳೆಯುವುವು. ಏಕೆಂದರೆ ಅವುಗಳೊಡನೆ ಹೋರಾಡತಕ್ಕ ರಕ್ತಕಣಗಳು ಅಲ್ಲಿಗೆ ಬರುವ ದಾರಿಯೇ ಇಲ್ಲ. ಎಷ್ಟೋ ಹಲ್ಲುಗಳು ಎರಡನೆಯ ಸ್ಥಿತಿಯ ಸಂಕಟವನ್ನು ಒಂದು ದಿನವೂ ತೋರಿಸದೆ ನೇರವಾಗಿ ಈ ಮೌನಕ್ಕೆ ಬಂದುಬಿಡುವುವು. ಮೌನದಲ್ಲಿಯೂ ಕೆಲವು ಗುರುತುಗಳುಂಟು. ಹಲ್ಲಿನ ಬಣ್ಣ ಬೂದಿಯಾಗಿಯೋ ಕಂದಾಗಿಯೋ ತಿರುಗುವುದು ಒಂದು. ಬಾಲ್ಯದಲ್ಲಿ ಚಿನ್ನಿದಾಂಡು ಆಡುವಾಗ ಮುಂದಿನ ಹಲ್ಲಿಗೆ ಪೆಟ್ಟು ತಿಂದವರಲ್ಲಿ ವರ್ಷಗಳು ಕಳೆದ ಮೇಲೆ ಇದು ಕಾಣಿಸಿಕೊಳ್ಳುವುದುಂಟು. ಬಣ್ಣ ತಿರುಗಿದ ಮಾತ್ರಕ್ಕೆ ಹಲ್ಲು ಸತ್ತಿತೆನ್ನಲಾಗದು. ಆದರೆ ಪರೀಕ್ಷೆಗೆ ಅದು ಸಾಕಾದ ಕಾರಣ. ಒಸಡಿನ ಮೇಲೆ ಮೊಡವೆಯಂತಹ ಒಂದು ಗುಳ್ಳೆ ಏಳುತ್ತ, ಒಡೆದು ಕೀವು ಸೋರುತ್ತ, ಮಾಯುತ್ತ, ಮತ್ತೆ ಏಳುತ್ತ ಇರುವುದು ಇನ್ನೊಂದು. ಈ ಗುಳ್ಳೆಯಿದ್ದವರಿಗೆ ನೋವಿರುವುದೇ ಇಲ್ಲವೆನ್ನಬಹುದು. ಕೀವಿಗೆ ಹೊರದಾರಿ ಸಿಕ್ಕಿರುವುದರಿಂದ ಒತ್ತಡವಿಲ್ಲ. ನೋವಿಲ್ಲದ ಈ ಗುಳ್ಳೆಯನ್ನು ನಿರ್ಲಕ್ಷ್ಯಮಾಡುವವರು ಬಹಳ.

ನಾಲ್ಕನೆಯ ಸ್ಥಿತಿಯಲ್ಲಿ ಸೋಂಕು ಬೇರಿನ ತುದಿಯನ್ನು ದಾಟಿ ಸುತ್ತಲಿನ ಎಲುಬಿಗೆ ಹೊರಡುವುದು. ಆಗ ನೋವು ಮತ್ತೆ ಬರುವುದು. ಆದರೆ ಅದರ ಜಾತಿ ಬೇರೆ. ಬಿಸಿಗೂ ತಂಪಿಗೂ ಅಲ್ಲ, ಕಚ್ಚಿದರೆ ನೋವು. ಆ ಹಲ್ಲು ಉಳಿದವುಗಳಿಗಿಂತ ಎತ್ತರವಾಗಿದೆಯೆಂದು ತೋರುವುದು. ರೋಗಿಯು ಈಗ ಹಲ್ಲನ್ನು ತಪ್ಪದೆ ತೋರಿಸಬಲ್ಲನು. ಏಕೆಂದರೆ ಬೇರಿನ ಸುತ್ತಣ ನಾರುಗಳಿಗೆ ತಮ್ಮ ವಿಳಾಸ ಚೆನ್ನಾಗಿ ಗೊತ್ತು. ಇಲ್ಲಿಯೂ ಎಚ್ಚರಗೊಳ್ಳದಿದ್ದರೆ ಕೀವು, ಬಾವು, ಜ್ವರ.

ಇನ್ನು ವೈದ್ಯನು ಏನು ಮಾಡಬೇಕೆಂಬುದನ್ನು ಹೇಳುತ್ತೇನೆ. ಇದನ್ನು ನೀವೂ ತಿಳಿದಿರುವುದು ಒಳ್ಳೆಯದು. ಮೊದಲನೆಯದು ನಿಮ್ಮ ಮಾತನ್ನು ಕೇಳುವುದು. ನೋವು ಯಾವಾಗ ಬರುವುದು, ಎಷ್ಟು ಹೊತ್ತು ನಿಲ್ಲುವುದು, ರಾತ್ರಿ ಎಬ್ಬಿಸುವುದೆ ಎಂಬ ಪ್ರಶ್ನೆಗಳಿಗೆ ನೀವು ಕೊಡುವ ಉತ್ತರದಲ್ಲಿಯೇ ಅರ್ಧ ನಿರ್ಣಯವಿರುವುದು. ಎರಡನೆಯದು ತಂಪಿನ ಪರೀಕ್ಷೆ. ಹತ್ತಿಯ ತುಣುಕಿಗೆ ಅತಿ ತಂಪಾದ ಸಿಂಪರಣೆಯನ್ನು ತಾಕಿಸಿ ಹಲ್ಲಿಗೆ ಮುಟ್ಟಿಸುವರು. ಪಕ್ಕದ ಒಳ್ಳೆಯ ಹಲ್ಲಿಗೂ ಮುಟ್ಟಿಸಿ ಎರಡನ್ನೂ ಹೋಲಿಸಬೇಕು. ಒಳ್ಳೆಯ ಹಲ್ಲು ಥಟ್ಟನೆ ಅರಿತು ಥಟ್ಟನೆ ಮರೆಯುವುದು. ಕೆರಳಿದ ಹಲ್ಲು ಮರೆಯುವುದಿಲ್ಲ. ಸತ್ತ ಹಲ್ಲು ಅರಿಯುವುದೇ ಇಲ್ಲ. ಕಿರಿದಾದ ವಿದ್ಯುತ್ತಿನಿಂದಲೂ ಹೀಗೆ ಪರೀಕ್ಷಿಸುವುದುಂಟು. ಮೂರನೆಯದು ಹಲ್ಲನ್ನು ಮೆಲ್ಲನೆ ತಟ್ಟಿ ನೋಡುವುದು, ಒಸಡನ್ನು ಒತ್ತಿ ನೋಡುವುದು. ಬಿರುಕಿನ ಸಂಶಯವಿದ್ದರೆ ಒಂದೊಂದು ಮೂಲೆಯ ಮೇಲೂ ಬೇರೆ ಬೇರೆಯಾಗಿ ಕಚ್ಚಿಸಿ ನೋಡಬೇಕು. ಕಚ್ಚಿ ಬಿಡುವಾಗ ಚುಳುಕ್ ಎಂದರೆ ಬಿರುಕಿರಬಹುದು. ನಾಲ್ಕನೆಯದು ಎಕ್ಸ್‌ರೇ.

ರಾಂಟ್ಜೆನ್ ಮಹಾಶಯನು 1895ರಲ್ಲಿ ಕಂಡುಹಿಡಿದ ಕಿರಣಗಳು ಕೆಲವೇ ವಾರಗಳಲ್ಲಿ ಹಲ್ಲಿನ ಚಿತ್ರ ತೆಗೆಯಲು ಬಂದುವು. ಅಂದಿನಿಂದ ಇಂದಿನವರೆಗೆ ಅವುಗಳ ಉಪಕಾರವನ್ನು ಹೇಳಿ ಮುಗಿಸುವಂತಿಲ್ಲ. ಆದರೆ ಎಕ್ಸ್‌ರೇ ಚಿತ್ರವನ್ನು ಸರ್ವಜ್ಞನೆಂದು ತಿಳಿಯಬಾರದು. ಬೇರಿನ ತುದಿಯ ಸುತ್ತಣ ಎಲುಬು ಸಾಕಷ್ಟು ಕರಗಿದ ಮೇಲೆಯೇ ಅಲ್ಲಿ ಕಪ್ಪು ನೆರಳು ಕಾಣುವುದು. ಎರಡನೆಯ ಸ್ಥಿತಿಯಲ್ಲಿ ರೋಗಿಯು ನೋವಿನಿಂದ ಹೊರಳಾಡುತ್ತಿದ್ದರೂ ಚಿತ್ರವು ನಿರ್ಮಲವಾಗಿರಬಹುದು. ಅಂತೆಯೇ ತಂಪಿನ ಪರೀಕ್ಷೆಯೂ ನರದ ಮಾತನ್ನು ತಿಳಿಸುವುದೇ ಹೊರತು ರಕ್ತಸಂಚಾರವನ್ನಲ್ಲ. ಪೆಟ್ಟು ತಿಂದ ಹಲ್ಲು ಕೆಲವು ವಾರ, ಕೆಲವು ತಿಂಗಳು ಉತ್ತರ ಕೊಡದೆ ಇದ್ದು ಆಮೇಲೆ ಎಚ್ಚರಗೊಂಡ ಸಂದರ್ಭಗಳುಂಟು. ಆದುದರಿಂದ ಒಬ್ಬನೇ ಸಾಕ್ಷಿಯ ಮಾತಿನ ಮೇಲೆ ತೀರ್ಪು ಕೊಡಬಾರದು. ನಿಮ್ಮ ಅನುಭವ, ತಂಪಿನ ಪರೀಕ್ಷೆ, ತಟ್ಟಿದ ಫಲ, ಎಕ್ಸ್‌ರೇ ಇವುಗಳಲ್ಲಿ ಎರಡು ಮೂರು ಒಂದೇ ಮಾತನ್ನು ಹೇಳಿದರೆ ತೀರ್ಪು ಗಟ್ಟಿಯಾಗುವುದು. ಹೇಳದಿದ್ದರೆ ಕಾದು ನೋಡುವುದೇ ವಿವೇಕ.

ಈ ಎಚ್ಚರಿಕೆ ಏಕೆಂದರೆ ಹಲ್ಲಿನಲ್ಲಿ ಕಾಣುವ ನೋವೆಲ್ಲ ಹಲ್ಲಿನದಲ್ಲ. ಒಮ್ಮೆ ನನ್ನಲ್ಲಿಗೆ ಬಂದ ಒಬ್ಬ ಮಹಿಳೆಯು ಮೇಲಿನ ದವಡೆಯ ಮೂರು ಹಲ್ಲುಗಳಿಗೂ ಬೇರುನಾಳದ ಚಿಕಿತ್ಸೆ ಮಾಡಿಬಿಡಬೇಕೆಂದು ಕೇಳಿದರು. ಆಕೆಗೆ ಒಂದು ವಾರದಿಂದ ನೆಗಡಿ. ಬಗ್ಗಿ ರಂಗವಲ್ಲಿ ಇಡುವಾಗ ನೋವು ಹೆಚ್ಚುತ್ತಿತ್ತು. ಮೂರು ಹಲ್ಲುಗಳೂ ತಂಪಿಗೆ ಸರಿಯಾಗಿ ಉತ್ತರ ಕೊಟ್ಟುವು. ನೋವಿದ್ದುದು ಮೂಗಿನ ಪಕ್ಕದ ಸೈನಸ್ ಎಂಬ ಗಾಳಿಗೂಡಿನಲ್ಲಿ. ಮೇಲಿನ ದವಡೆ ಹಲ್ಲುಗಳ ಬೇರುಗಳು ಅದರ ನೆಲಕ್ಕೆ ತೀರ ಹತ್ತಿರ. ನೆಗಡಿ ಹೋಯಿತು, ನೋವೂ ಹೋಯಿತು, ಹಲ್ಲುಗಳು ಉಳಿದುವು. ಮುಖದ ನರವೊಂದರ ಕಾಯಿಲೆಯಲ್ಲಿ ಮುಖ ತೊಳೆದರೆ, ಗಾಳಿ ಸೋಕಿದರೆ, ಮಿಂಚು ಹೊಡೆದಂತೆ ನೋವು ಬಂದು ಕ್ಷಣದಲ್ಲಿ ಹೋಗುವುದು. ಅದನ್ನು ಹಲ್ಲಿನದೆಂದು ತಿಳಿದು ಹಲ್ಲುಗಳನ್ನು ಒಂದೊಂದಾಗಿ ಕೀಳಿಸಿಕೊಂಡವರುಂಟು. ಮೆಟ್ಟಿಲು ಹತ್ತಿದಾಗ ಕೆಳದವಡೆಯಲ್ಲಿ ನೋವು ಬಂದು, ಕುಳಿತರೆ ಹೋಗುವುದಾದರೆ, ನೋಡಬೇಕಾದವರು ಹೃದಯದ ವೈದ್ಯರು. ಕುಳಿತರೂ ನಿಲ್ಲದಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ಚಿಕಿತ್ಸೆ ಎಂದರೆ ಏನೆಂಬ ಭಯ ಅನೇಕರಲ್ಲಿದೆ. ನಡೆಯುವುದು ಇಷ್ಟು. ಹಲ್ಲಿಗೆ ಜೋಮು ಹಿಡಿಸುವ ಚುಚ್ಚುಮದ್ದು ಕೊಡುವರು. ಉಗುಳು ಸೋಕದಂತೆ ಹಲ್ಲಿನ ಸುತ್ತ ತೆಳ್ಳನೆಯ ರಬ್ಬರಿನ ಹಾಳೆಯನ್ನು ಹೊದಿಸುವರು. ಇದನ್ನು 1864ರಲ್ಲಿ ಬಾರ್ನಮ್ ಎಂಬ ಅಮೆರಿಕದ ದಂತವೈದ್ಯನು ಬಳಕೆಗೆ ತಂದನು, ಇಂದಿಗೂ ಇದಕ್ಕಿಂತ ಒಳ್ಳೆಯ ಉಪಾಯ ದೊರೆತಿಲ್ಲ. ಆಮೇಲೆ ಕೋಣೆಯ ಬಾಗಿಲು ತೆಗೆದು, ನಾಳಗಳ ಉದ್ದವನ್ನು ಅಳೆದು, ಬಳುಕುವ ಸಣ್ಣ ಅರಗಳಿಂದ ಕೆಟ್ಟ ತಿರುಳನ್ನು ತೆಗೆದು, ಸೂಕ್ಷ್ಮಜೀವಿಗಳನ್ನು ಕೊಲ್ಲುವ ದ್ರಾವಣದಿಂದ ತೊಳೆಯುವರು. ಕೊನೆಯಲ್ಲಿ ಗಟ್ಟಾಪರ್ಚ ಎಂಬ ಪದಾರ್ಥದಿಂದ ನಾಳಗಳನ್ನು ತುಂಬುವರು. ಇದು ಮಲಯ ದೇಶದ ಒಂದು ಮರದ ಹಾಲಿನಿಂದ ಆದದ್ದು. 19ನೆಯ ಶತಮಾನದಲ್ಲಿ ಸಮುದ್ರದ ತಳದಲ್ಲಿ ಹಾಸಿದ ತಂತಿಗಳಿಗೆ ನೀರು ಸೋಕದಂತೆ ಹೊದಿಸಿದ್ದುದೂ ಇದನ್ನೇ. ದವಡೆ ಹಲ್ಲಾದರೆ ಮೇಲೆ ಒಂದು ಟೋಪಿಯನ್ನು ಹಾಕಿಸಬೇಕು. ಖರ್ಚಿಗೆ ಹೆದರಿ ಇದನ್ನು ಬಿಡುವವರುಂಟು. ಅಗಿಯುವಾಗ ಹಲ್ಲು ಸೀಳಿಹೋದರೆ ಮಾಡಿದ ಚಿಕಿತ್ಸೆಯೆಲ್ಲ ವ್ಯರ್ಥ. ಜೋಮು ಸರಿಯಾಗಿ ಹಿಡಿದಿದ್ದರೆ ಈ ಚಿಕಿತ್ಸೆಯಲ್ಲಿ ಆಗುವ ನೋವು ಕುಳಿ ತುಂಬಿಸುವಾಗಿನದಕ್ಕಿಂತ ಹೆಚ್ಚಲ್ಲ. ಜನರು ಚಿಕಿತ್ಸೆಯ ನೋವೆಂದು ಹೇಳುವುದು ಬಹುಮಟ್ಟಿಗೆ ಚಿಕಿತ್ಸೆಗೆ ಬರುವ ಮುನ್ನ ಅನುಭವಿಸಿದ ನೋವನ್ನೇ.

ಸತ್ತ ಹಲ್ಲನ್ನು ಬಾಯಲ್ಲಿಟ್ಟುಕೊಂಡರೆ ಮೈಗೆಲ್ಲ ವಿಷವೆಂಬ ಮಾತೂ ಕೇಳಿಬರುವುದು. ಇದರ ಮೂಲ ಹಳೆಯದು. 1910ರಲ್ಲಿ ವಿಲಿಯಂ ಹಂಟರ್ ಎಂಬ ಬ್ರಿಟಿಷ್ ವೈದ್ಯನು ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಮಾಡಿದ ಭಾಷಣದಲ್ಲಿ ಬಾಯಿಯ ಸೋಂಕಿನಿಂದ ಶರೀರದಲ್ಲಿ ನಾನಾ ರೋಗಗಳು ಹುಟ್ಟುವುವೆಂದು ವಾದಿಸಿದನು. ಅದರ ಪರಿಣಾಮವಾಗಿ ಮುಂದಿನ ದಶಕಗಳಲ್ಲಿ ಕೀಲುನೋವಿಗೂ ಇತರ ಕಾಯಿಲೆಗಳಿಗೂ ಮದ್ದೆಂದು ಲೆಕ್ಕವಿಲ್ಲದಷ್ಟು ಹಲ್ಲುಗಳನ್ನು ಕಿತ್ತುಹಾಕಿದರು. ಹಲ್ಲುಗಳು ಹೋದುವು, ಕೀಲುನೋವು ಹೋಗಲಿಲ್ಲ. ಆ ವಾದದ ಕಾಲ ಕಳೆದಿದೆ. ಶುದ್ಧಿಮಾಡಿ ಮುಚ್ಚಿದ ಹಲ್ಲು ದೇಹಕ್ಕೆ ವಿಷವಲ್ಲ. ಶುದ್ಧಿಮಾಡದೆ ಬಿಟ್ಟ ಸೋಂಕು ಮಾತ್ರ ಅಪಾಯಕರ.

ಆದರೆ ಎಲ್ಲ ಹಲ್ಲನ್ನೂ ಉಳಿಸಬಹುದೆಂದು ನಾನು ಹೇಳುವುದಿಲ್ಲ. ಬೇರು ಉದ್ದಕ್ಕೆ ಸೀಳಿದ್ದರೆ, ಒಸಡಿನ ಮೇಲೆ ಕಟ್ಟಲು ಸಾಕಷ್ಟು ಹಲ್ಲು ಉಳಿದಿಲ್ಲದಿದ್ದರೆ, ಸುತ್ತಣ ಎಲುಬೆಲ್ಲ ಒಸಡಿನ ರೋಗದಿಂದ ಕರಗಿಹೋಗಿದ್ದರೆ ಕೀಳಿಸುವುದೇ ಮೇಲು. ಇನ್ನೊಂದು ಕಡೆ, ಬೇರಿನ ತುದಿ ಇನ್ನೂ ಬೆಳೆಯುತ್ತಿರುವ ಚಿಕ್ಕ ಮಕ್ಕಳ ಹಲ್ಲುಗಳಲ್ಲಿ ಕೆಟ್ಟ ಭಾಗವನ್ನಷ್ಟೇ ತೆಗೆದು ಉಳಿದ ತಿರುಳಿನ ಮೇಲೆ ಮದ್ದಿನ ಗಾರೆ ಹಾಕಿ ಜೀವವನ್ನು ಕಾಪಾಡುವುದುಂಟು. ಈಚಿನ ವರ್ಷಗಳಲ್ಲಿ ಆಯ್ದ ಕೆಲವು ದೊಡ್ಡವರ ಹಲ್ಲುಗಳಿಗೂ ಈ ಕ್ರಮವನ್ನು ಅನುಸರಿಸುತ್ತಿದ್ದಾರೆ. ಆದುದರಿಂದ "ಬೇರುನಾಳದ ಚಿಕಿತ್ಸೆ ಬೇಕು" ಎಂದು ವೈದ್ಯರು ಹೇಳಿದಾಗ, "ತಿರುಳು ಯಾವ ಸ್ಥಿತಿಯಲ್ಲಿದೆ? ಅದನ್ನು ಯಾವ ಪರೀಕ್ಷೆಯಿಂದ ತಿಳಿದಿರಿ? ಬರಿಯ ತುಂಬುವಿಕೆ ಸಾಲದೆ?" ಎಂದು ವಿನಯದಿಂದ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಒಳ್ಳೆಯ ವೈದ್ಯನು ಈ ಪ್ರಶ್ನೆಗಳಿಗೆ ಸಂತೋಷದಿಂದ ಉತ್ತರ ಕೊಡುವನು.

ಮಾತ್ರೆಗಳ ವಿಷಯವಾಗಿ ಒಂದು ಮಾತು. ಹಲ್ಲು ನೊಂದೊಡನೆ ಔಷಧದ ಅಂಗಡಿಗೆ ಹೋಗಿ ಆಂಟಿಬಯೊಟಿಕ್ ಮಾತ್ರೆಗಳನ್ನು ಕೊಂಡು ನುಂಗುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಮಾತ್ರೆಯ ಗುಣ ರಕ್ತದ ಮೂಲಕ ಹೋಗತಕ್ಕದ್ದು. ಸತ್ತ ತಿರುಳಿಗೆ ರಕ್ತವೇ ಹೋಗುವುದಿಲ್ಲವಾದ ಮೇಲೆ ಮಾತ್ರೆ ಅಲ್ಲಿಗೆ ಮುಟ್ಟುವುದು ಹೇಗೆ? ಜ್ವರವಿದ್ದರೆ, ಬಾವು ಹರಡುತ್ತಿದ್ದರೆ ವೈದ್ಯರೇ ಅದನ್ನು ಕೊಡುವರು. ಅದು ಚಿಕಿತ್ಸೆಗೆ ಸಹಾಯಕವೇ ಹೊರತು ಚಿಕಿತ್ಸೆಯಲ್ಲ. ಬಾವು ದವಡೆಯ ಕೆಳಗೆ, ನಾಲಗೆಯ ಕೆಳಗೆ, ಕುತ್ತಿಗೆಗೆ ಇಳಿದರೆ, ಅಥವಾ ಕಣ್ಣಿನ ಕಡೆಗೆ ಏರಿದರೆ, ನುಂಗಲು, ಉಸಿರಾಡಲು, ಬಾಯಿ ತೆರೆಯಲು ಕಷ್ಟವಾದರೆ, ಆಗ ದಂತವೈದ್ಯರ ಬಾಗಿಲು ತೆರೆಯುವುದನ್ನು ಕಾಯದೆ ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಬೇಕು. ನಾಲಗೆಯ ಕೆಳಗೆ ಹರಡುವ ಈ ಬಾವನ್ನು 1836ರಲ್ಲಿ ಜರ್ಮನಿಯ ಲುಡ್ವಿಗ್ ಎಂಬ ವೈದ್ಯನು ವರ್ಣಿಸಿದನು. ಅದು ಉಸಿರಿನ ದಾರಿಯನ್ನೇ ಮುಚ್ಚಬಲ್ಲುದು. ಒಂದು ಹುಳುಕು ಹಲ್ಲಿನಿಂದ ಪ್ರಾಣ ಹೋಗುವುದುಂಟೆ ಎಂದು ಕೇಳುವವರಿಗೆ, ಅಪೂರ್ವವಾಗಿಯಾದರೂ ಉಂಟು ಎಂದೇ ನಾನು ಉತ್ತರ ಹೇಳಬೇಕಾಗಿದೆ.

ನಮ್ಮ ಉಪಾಧ್ಯಾಯರ ಪ್ರಾಣಕ್ಕೆ ಅಷ್ಟು ದೂರದ ಅಪಾಯ ಬರಲಿಲ್ಲ. ಆದರೆ ಅವರಿಗೆ ಸಕ್ಕರೆ ಕಾಯಿಲೆಯಿತ್ತು. ಅದರಿಂದ ಸೋಂಕು ಬಲವಾಯಿತು. ಐದು ದಿನ ಆಸ್ಪತ್ರೆಯಲ್ಲಿದ್ದರು. ಕೆನ್ನೆಯ ಒಳಗಿನಿಂದ ಕುಯ್ದು ಕೀವು ತೆಗೆಯಬೇಕಾಯಿತು. ಹಲ್ಲು ಆ ವೇಳೆಗೆ ಒಸಡಿನ ಮಟ್ಟಕ್ಕೆ ಮುರಿದುಹೋಗಿತ್ತು, ಉಳಿಸುವಂತಿರಲಿಲ್ಲ, ಕಿತ್ತೆವು. ನೋವು ನಿಂತ ಆ ಬೆಳಗ್ಗೆಯೇ ಬಂದಿದ್ದರೆ ಕೆಲವು ಭೇಟಿಗಳಲ್ಲಿ ಮುಗಿಯುತ್ತಿದ್ದ ಕೆಲಸ. ವಾಸಿಯಾದ ಮೇಲೆ ಅವರು, "ಡಾಕ್ಟರೆ, ಆವತ್ತು ನಾನು ನಕ್ಕಾಗ ನೀವೂ ನಕ್ಕಿರಲ್ಲ" ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಆದರೂ ಅದು ನನ್ನ ಮನಸ್ಸಿನಲ್ಲಿ ಉಳಿದಿದೆ. ಅಂದಿನಿಂದ ಯಾರಾದರೂ ಹಲ್ಲುನೋವು ತಾನಾಗಿ ನಿಂತಿತೆಂದು ಹೇಳಿದರೆ ನಾನು ನಗುವುದಿಲ್ಲ. ಅವರನ್ನು ಅಲ್ಲಿಯೇ ನಿಲ್ಲಿಸಿ, ಬರುವ ದಿನವನ್ನು ಗೊತ್ತುಮಾಡಿಕೊಂಡು ಬಿಡುತ್ತೇನೆ.

ಈ ಭಾಷಣದಲ್ಲಿ ಮಿಕ್ಕುದೆಲ್ಲ ಮರೆತರೂ ನೀವು ಮೂರು ಮಾತುಗಳನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು. ತಂಪಿಗೆ ಜುಮ್ಮೆಂದು ಕ್ಷಣದಲ್ಲಿ ಮಾಯವಾಗುವ ಹಲ್ಲಿಗೆ ಸಣ್ಣ ಚಿಕಿತ್ಸೆ ಸಾಕು, ಆದರೆ ತಡಮಾಡಬೇಡಿ. ಎಳೆಯುವ ನೋವು, ತಾನಾಗಿ ಬರುವ ನೋವು, ರಾತ್ರಿ ಎಬ್ಬಿಸುವ ನೋವು ಇದ್ದರೆ ಈ ವಾರವೇ ವೈದ್ಯರನ್ನು ನೋಡಿ. ನೋಯುತ್ತಿದ್ದ ಹಲ್ಲು ಚಿಕಿತ್ಸೆಯಿಲ್ಲದೆ ಸುಮ್ಮನಾದರೆ ಸಂತೋಷಪಡುವ ಮುನ್ನ ಅದನ್ನು ತೋರಿಸಿ. ಕಡಲೆ ಇರುವಾಗ ಹಲ್ಲೂ ಇರಲೆಂಬುದೇ ನನ್ನ ಹಾರೈಕೆ.